ಗೇಟಿನೊಳಗೆ ಬಿದ್ದ ಮಂಜು

ಬ್ರೂಸ್‌ಪೇಟೆಯಲ್ಲಿ ಗೋಣಿಚೀಲದ ಸಗಟು ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಆಫೀಸಿದೆ. ಆಫೀಸು ಅನ್ನುವುದು ಗೌರವಕ್ಕೆ ಹೇಳುವ ಮಾತು. ಎರಡು ಮೇಜು, ಎರಡು ಕುರ್ಚಿ, ಬೇಸಿಗೆಯ ಬಿಸಿಗಾಳಿಯನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಗಿಸುವ ಒಂದು ಫ್ಯಾನು, ಕಿಟಕಿಯಲ್ಲಿ ಅರ್ಧ ಕೋಟೆಗುಡ್ಡ. ಉಳಿದರ್ಧವನ್ನು ಎದುರಿನ ಲಾಡ್ಜು ನುಂಗಿದೆ. ಇಲ್ಲಿ ಕೂತು ನಾನೂ ನನ್ನ ಗೆಳೆಯನೂ ಸಿರುಗುಪ್ಪದ ಅಕ್ಕಿ ಗಿರಣಿಗಳಿಗೆ, ಬಳ್ಳಾರಿಯ ಜೀನ್ಸ್ ಹೊಲಿಯುವವರಿಗೆ, ಒಮ್ಮೆ ಒಂದು ಕಲ್ಯಾಣಮಂಟಪಕ್ಕೂ ಪ್ರೋಗ್ರಾಂ ಬರೆದುಕೊಡುತ್ತ ತಲೆ ನೆರೆಸಿಕೊಂಡೆವು. ನೆರೆಯುವುದಕ್ಕೆ ಅವನ ತಲೆಯಲ್ಲಿ ಕೂದಲಿತ್ತು. ನನ್ನದು ಆ ಕಷ್ಟವನ್ನು ಮೊದಲೇ ತಪ್ಪಿಸಿಕೊಂಡಿತ್ತು.

ಅವನು ಕುರುಗೋಡಿನವನು. ಮುಂಜಾನೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುವವನು. ನಾನು ಅವನನ್ನು ಸಾಹೇಬ ಅನ್ನುತ್ತೇನೆ. ನಮ್ಮದು ಅಯ್ಯನವರ ಮನೆತನ, ಆದ್ದರಿಂದ ಅವನು ನನ್ನನ್ನು ಸ್ವಾಮೇರ ಅನ್ನುತ್ತಾನೆ. ಸಿಟ್ಟು ಬಂದಾಗ ಇಬ್ಬರೂ ಬರೀ ಲೇ.

ನಮ್ಮ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಬೇರೆಲ್ಲೂ ನಾನದನ್ನು ಕಂಡಿಲ್ಲ, ಕಂಡಿದ್ದರೆ ಅವರ ಕ್ಷೇಮವನ್ನೂ ವಿಚಾರಿಸುತ್ತಿದ್ದೆ. ಯಾವ ಪ್ರೋಗ್ರಾಂ ಆದರೂ ಗಿರಾಕಿಯ ಕೈಗೆ ಹೋಗುವ ಮುಂಚೆ ಅದನ್ನು ಬರೆದವನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಬೇಕು. ಇನ್ನೊಬ್ಬ ಕಣ್ಣು ಮುಚ್ಚಿಕೊಂಡು ಕೇಳಬೇಕು. ಎಲ್ಲೋ ಏನೋ ಕಿವಿಗೆ ಚುಚ್ಚಿದರೆ ಕೇಳುವವನು 'ತಡಿ' ಅನ್ನುತ್ತಾನೆ. ಅಷ್ಟೇ. ಯಾಕೆ ಎಂದು ನೇರವಾಗಿ ಹೇಳುವುದಿಲ್ಲ. ಓದುವವನೇ ಆ ಸಾಲನ್ನು ಮತ್ತೆ ಮತ್ತೆ ಓದಿ ತನ್ನ ತಪ್ಪನ್ನು ತಾನೇ ಹಿಡಿಯಬೇಕು. ಇದಕ್ಕೆ ಪಾರಾಯಣ ಎಂದು ಹೆಸರಿಟ್ಟವನು ಸಾಹೇಬನೇ.

ಪಾರಾಯಣವೆಂದರೆ ಭಕ್ತಿಯಿಂದ ಓದುತ್ತಿದ್ದೆವು ಎಂದು ಯಾರೂ ತಿಳಿಯಬಾರದು. ಬಸ್ಸಿಗೆ ಹೊತ್ತಾದ ಕಂಡಕ್ಟರು ಊರ ಹೆಸರು ಕೂಗುವ ಹಾಗೆ ಕೂಗುತ್ತಿದ್ದೆವು. ನಡುನಡುವೆ ಬೈಗುಳ.

"ತಡಿ."

"ಯಾಕ, ಏನಾತು?"

"ಮತ್ತೊಮ್ಮೆ ಒದರು."

"ಇವತ್ತಿನ ತಾರೀಖಿನಾಗ ಒಂದು ಕಳಿ. ಬಂದದ್ದು ನಿನ್ನಿ."

"ಇವತ್ತು ಒಂದನೇ ತಾರೀಖು ಇದ್ರ ನಿನ್ನಿ ಎಷ್ಟು ಬರ್ತೈತಿ ಸ್ವಾಮೇರ? ಸೊನ್ನೆನೇ ತಾರೀಖು? ನಿಮ್ಮ ಪಂಚಾಂಗದಾಗ ಐತೇನು ಅದು?"

ತಿಂಗಳ ಕೊನೆ ನನಗೆ ಮೊದಲಿನಿಂದಲೂ ಆಗಿಬಂದಿಲ್ಲ. ಅವನು ನನ್ನ ಬಾಯಿ ಮುಚ್ಚಿಸಿದ ಮೊಟ್ಟಮೊದಲ 'ತಡಿ' ಅದೇ. ಆಮೇಲೆಯೂ ನಾನು ಆ ಹಳ್ಳಕ್ಕೆ ಹಲವು ಸಲ ಬಿದ್ದೆ. ಪ್ರತಿ ಸಲವೂ ಅವನು ಮೇಲೆ ನಿಂತು ನಕ್ಕು ಆಮೇಲೆ ಕೈ ಕೊಟ್ಟ.

ಈ ಪದ್ಧತಿಯಿಂದ ಒಂದು ದುರಭ್ಯಾಸ ಬೆಳೆಯಿತು. ಲೋಕದ ಎಲ್ಲ ಪ್ರೋಗ್ರಾಮರುಗಳು ಕೋಡಿನ ಪಕ್ಕದಲ್ಲಿ 'ಇದು ಇಂಥದ್ದಕ್ಕಾಗಿ' ಎಂದು ನಾಲ್ಕು ಮಾತು ಬರೆದಿಡುತ್ತಾರೆ. ಕನಿಷ್ಠಪಕ್ಷ ಬರೆದಿಡಬೇಕು ಎಂದು ಮತ್ತೊಬ್ಬರಿಗೆ ಉಪದೇಶ ಮಾಡುತ್ತಾರೆ. ನಾವು ಬರೆಯಲೇ ಇಲ್ಲ. ಬರೆಯುವುದೇಕೆ? ಅವನ ಕೋಡು ನನ್ನ ಕಿವಿಯಲ್ಲಿತ್ತು, ನನ್ನದು ಅವನ ಕಿವಿಯಲ್ಲಿ.

ಕೆಲವು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿಯಿತು. ಮೊದಲು ಪರದೆಯ ಅಕ್ಷರ ಸೊಟ್ಟಗಾದವು, ಆಮೇಲೆ ನಡುವೆ ಒಂದು ಕರಿಮೋಡ ಕೂತಿತು. ಆಸ್ಪತ್ರೆಯಲ್ಲಿ ಕಣ್ಣಿಗೆ ಇಂಜೆಕ್ಷನ್ ಕೊಟ್ಟರು. ಹೊರಗೆ ಬಂದು ಕಪ್ಪು ಕನ್ನಡಕ ಹಾಕಿಕೊಂಡು ಹೇಳಿದ: "ಹೋದದ್ದು ತಿರುಗಿ ಬರೂದಿಲ್ಲಂತ ಸ್ವಾಮೇರ. ಬ್ಯಾಕಪ್ ಇಟ್ಟಿರಲಿಲ್ಲಲ್ಲ ನಾವು."

ನಾನು ನಗಬೇಕಿತ್ತು. ನಗಲಿಲ್ಲ. ಅಲ್ಲಿಂದಲೇ ಎಲ್ಲ ಕೆಟ್ಟಿತು ಎಂದು ಈಗ ಅನಿಸುತ್ತದೆ.

ಅವನಿಗೆ ಇದ್ದದ್ದು ಒಂದೇ ಚಿಂತೆ. ಕೆಲಸ ಮಾಡಲು ಆಗುತ್ತದೋ ಇಲ್ಲವೋ. ಬೇರೆ ಯಾವುದಕ್ಕೂ ಅವನು ಅಂಜಿದ್ದನ್ನು ನಾನು ನೋಡಿಲ್ಲ. "ಕೋಡ್ ಬರಿಯೋದು ಬಿಟ್ರ ನಾನು ಮನ್ಯಾಗ ಕುಂತು ಏನು ಮಾಡ್ಲಿ? ಬೆಳ್ಳುಳ್ಳಿ ಸುಲೀಲೇನು?" ಅನ್ನುತ್ತಿದ್ದ. ನಾನು ಧೈರ್ಯ ಹೇಳಿದೆ. ಓದಿ ಹೇಳಲು ನಾನಿಲ್ಲವೇ, ಇಷ್ಟು ದಿನ ಮಾಡಿದ್ದಾದರೂ ಏನು. ದಿನಾ ಅವನ ಪಕ್ಕ ಕೂತು ಅವನ ಕೋಡನ್ನು ಅವನಿಗೇ ಓದತೊಡಗಿದೆ. ನಿಧಾನವಾಗಿ, ಬಿಡಿಸಿ ಬಿಡಿಸಿ, ಒಂದೂ ಬೈಗುಳವಿಲ್ಲದೆ. ಅವನು 'ತಡಿ' ಅಂದರೆ ಅವನ ಬದಲು ನಾನೇ ತಪ್ಪು ಹುಡುಕಿ ಮೆಲ್ಲಗೆ ಹೇಳಿಬಿಡುತ್ತಿದ್ದೆ.

ಸ್ವಲ್ಪ ದಿನ ಸಹಿಸಿದ. ಒಂದು ದಿನ ಕೈಯೆತ್ತಿ ನಿಲ್ಲಿಸಿದ.

"ಸ್ವಾಮೇರ, ನೀವು ಓದೋದು ಹೆಂಗಾಗೈತಿ ಗೊತ್ತೇನು?"

"ಹೆಂಗ?"

"ಜಡ್ಡು ಬಿದ್ದವ್ನ ತಲಿದೆಸಿಗೆ ಕುಂತು ಪುರಾಣ ಓದಿದಂಗ. ಇನ್ನೇನು ಬಾಯಾಗ ನೀರು ಬಿಡೋದೊಂದು ಬಾಕಿ."

ಮರುದಿನದಿಂದ ಅವನು ಎಐ ಸಾಧನ ತಂದು ಕೂತ. ಬಾಯಲ್ಲಿ ಹೇಳಿದ್ದನ್ನು ಅದು ಕೋಡಾಗಿ ಬರೆಯುತ್ತಿತ್ತು, ಬರೆದದ್ದನ್ನು ಅವನ ಕಿವಿಗೆ ಹೇಳುತ್ತಿತ್ತು. ಇಯರ್‌ಫೋನ್ ಹಾಕಿಕೊಂಡು ನನ್ನ ಎದುರಿಗೇ ಕೂತು ಅದರ ಜೊತೆ ಜಗಳವಾಡುತ್ತಿದ್ದ. "ಅಲ್ಲೋ ಬೆಪ್ಪ, ಅದಲ್ಲ ನಾನು ಹೇಳಿದ್ದು." ಆ ಬೈಗುಳ ಮೊದಲು ನನ್ನದಾಗಿತ್ತು. ಅನ್ಯರ ಪಾಲಾದಾಗಲೇ ಅದರ ಬೆಲೆ ನನಗೆ ತಿಳಿದದ್ದು.

ಕೆಳಗೆ ಚಹದಂಗಡಿಯಲ್ಲಿ ಆಗ ಇದೇ ವಿಷಯದ ಮಹಾಸಭೆ ನಡೆಯುತ್ತಿತ್ತು. ಊರಿನ ಪ್ರೋಗ್ರಾಮರುಗಳೆಲ್ಲ ಸೇರಿ ಐದಾರು ಜನ. ಪಂಗಡ ಮಾತ್ರ ಏಳೆಂಟು. ಜೀನ್ಸ್ ಕಾರ್ಖಾನೆಗೆ ಕೆಲಸ ಮಾಡುವ ಒಬ್ಬ ತರುಣ ಎಐ ಪರ. "ವಾರದ ಕೆಲ್ಸ ಚಾ ಆರೋದ್ರಾಗ ಮುಗೀತ್ರಿ ಸಾರ್. ಇದನ್ನ ಬ್ಯಾಡ ಅನ್ನೋರು ಎತ್ತಿನ ಬಂಡ್ಯಾಗ ಹೈದರಾಬಾದಿಗೆ ಹೋಗ್ಲಿ." ಆಸ್ಪತ್ರೆಯ ಹಳೆಯ ಬಿಲ್ಲಿಂಗ್ ಪ್ರೋಗ್ರಾಂ ನೋಡಿಕೊಳ್ಳುವವನು ವಿರುದ್ಧ. "ಅದು ಚಾ ಆರೋದ್ರಾಗ ಮಾಡಿದ್ದನ್ನ ನಾ ವಾರಗಟ್ಲೆ ತೊಳಿಯಾಕ ಹತ್ತೀನಿ. ನಿಂದೇನಪಾ, ಬಯಲಾಗ ಮನಿ ಕಟ್ತಿ. ನಂದು ಹಳೆ ಮನಿ. ಯಾವ ಗ್ವಾಡ್ಯಾಗ ಯಾವ ವೈರ್ ಹೋಗೈತೋ ಕಟ್ಟಿದವಗಽ ಗೊತ್ತಿಲ್ಲ."

ಇಬ್ಬರೂ ನನ್ನ ಕಡೆ ತಿರುಗುತ್ತಿದ್ದರು. ಹಿರಿಯ ಎಂಬ ಕಾರಣಕ್ಕೆ ನಾನು ಗಂಭೀರವಾಗಿ ಗ್ಲಾಸು ಕೆಳಗಿಟ್ಟು ಎಐ ವಿರುದ್ಧ ತೀರ್ಪು ಕೊಡುತ್ತಿದ್ದೆ. ಅದಕ್ಕೆ ಒಂದು ಸಾಲು ಯಾಕಿದೆ ಅಂತ ಗೊತ್ತಿಲ್ಲ, ಎಲ್ಲ ಬಲ್ಲವರ ಹಾಗೆ ಮಾತಾಡುತ್ತದೆ, ಹೊಗಳಿ ಹೊಗಳಿ ಕೆಡಿಸುತ್ತದೆ. ಹೇಳಿದ್ದೆಲ್ಲ ನಿಜವೇ. ಆದರೆ ಮಹಡಿ ಹತ್ತಿ ಬರುವಾಗ ನನಗೇ ಅನಿಸುತ್ತಿತ್ತು: ನಾನು ಸಾಧನದ ಮೇಲೆ ತೀರ್ಪು ಕೊಟ್ಟಿಲ್ಲ, ನನ್ನ ಜಾಗದಲ್ಲಿ ಬಂದು ಕೂತವರ ಮೇಲೆ ಕೊಟ್ಟಿದ್ದೇನೆ.

ಸಾಹೇಬನಿಗೂ ಒಮ್ಮೆ ಇದೇ ತೀರ್ಪು ಓದಿದೆ. ಅವನು ಇಯರ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ನೀನು ಅದನ್ನ ಯಾವುದರ ಜೋಡಿ ತೂಗಿ ನೋಡ್ತಿ?"

"ನಮ್ಮ ಜೋಡಿ. ನಾವು ಬರಿಯೋದ್ರ ಜೋಡಿ."

"ಅದಕ್ಕ ನಿನಗ ಅದು ಹಗುರ ಕಾಣ್ತೈತಿ. ನನ್ನ ತಕ್ಕಡ್ಯಾಗ ಆ ಕಡಿ ನಾವಿಲ್ಲೋ ಮಾರಾಯ. ಬೆಳ್ಳುಳ್ಳಿ ಐತಿ." ಇಯರ್‌ಫೋನ್ ಮತ್ತೆ ಕೈಗೆತ್ತಿಕೊಂಡು ಅಂದ, "ಇನ್ನೊಂದು ಮಾತು. ಅದಕ್ಕ ನನ್ನ ಮ್ಯಾಲ ಕನಿಕರ ಇಲ್ಲ. ಅದಕ್ಕಽ ನನಗ ಅದು ಸೇರ್ತೈತಿ."

ಆ ವರ್ಷ ಹೊಸ ಭತ್ತ ಬರುವ ಮುಂಚೆ ಸಿರುಗುಪ್ಪದ ನಮ್ಮ ಹಳೆಯ ಗಿರಣಿಯವರು ತೂಕದ ಪ್ರೋಗ್ರಾಂ ಮೊಬೈಲಿನಲ್ಲಿ ಬೇಕು ಎಂದರು. ಹಳೆಯದನ್ನು ಪೂರ್ತಿ ಹೊಸದಾಗಿ ಬರೆಯುವ ಕೆಲಸ. ಸಾಹೇಬ ತಾನು ಮಾಡುತ್ತೇನೆ ಅಂದ. ಆಮೇಲೆ ತಿಳಿಯಿತು, ಅದನ್ನು ಅವನು ಪರೀಕ್ಷೆಯಂತೆ ತಗೊಂಡಿದ್ದ. ಇದಾದರೆ ತಾನಿನ್ನೂ ಪ್ರೋಗ್ರಾಮರು, ಇಲ್ಲವಾದರೆ ಇಲ್ಲ. ಅವನೂ ಅವನ ಸಾಧನವೂ ಸೇರಿ, ನಾನೊಬ್ಬನೇ ಮಾಡಿದ್ದರೆ ಹಿಡಿಯುತ್ತಿದ್ದ ಕಾಲದ ಕಾಲುಭಾಗದಲ್ಲಿ ಮುಗಿಸಿದರು. ಚೆನ್ನಾಗಿಯೇ ಇತ್ತು. ಎಷ್ಟು ಚೆನ್ನಾಗಿತ್ತೆಂದರೆ ನನಗೆ ಊಟ ಸೇರಲಿಲ್ಲ.

"ಪಾರಾಯಣ ಮಾಡೋಣೇನು?" ಎಂದು ಕೇಳಿದೆ.

"ಬ್ಯಾಡ. ಎಲ್ಲಾ ಅದು ಹೇಳೈತಿ. ಎಲ್ಲೆಲ್ಲಿ ಏನೇನು ಬದಲಾತು ಅಂತ."

ಹೇಳಿದ್ದು ನಿಜ. ಅದು ಸುಳ್ಳು ಹೇಳಲಿಲ್ಲ ಎಂಬುದನ್ನು ನ್ಯಾಯಕ್ಕಾಗಿ ಇಲ್ಲಿ ಬರೆಯಲೇಬೇಕು. 'ಭತ್ತದ ಹಸಿಗೆ ಮಾಡುವ ಕಡಿತದ ಲೆಕ್ಕವನ್ನು ಎಲ್ಲ ಲೋಡಿಗೂ ಒಂದೇ ರೀತಿ ಮಾಡಿದ್ದೇನೆ. ಕಾರಣ ಕಾಣದ ಒಂದು ವಿನಾಯಿತಿಯನ್ನು ತೆಗೆದಿದ್ದೇನೆ' ಎಂದು ಅದು ಅವನ ಕಿವಿಯಲ್ಲಿ ಸ್ಪಷ್ಟವಾಗಿ ಹೇಳಿತ್ತು. ಕಾರಣ ಕಾಣದ ಸಾಲುಗಳು ನಮ್ಮ ಕೋಡಿನಲ್ಲಿ ಅಂಗಳದ ಹುಲ್ಲಿನಂತೆ ಬೆಳೆದಿದ್ದವು. ಹೋಗಲಿ ಬಿಡು ಅಂದಿದ್ದ ಅವನು.

ಭತ್ತ ಬಂತು. ಚಳಿ ಬಂತು. ಒಂದು ಮುಂಜಾನೆ ಗಿರಣಿಯಿಂದ ಫೋನು ಬಂತು, ತೂಕದ ಕಾಟಾದ ಹತ್ತಿರ ಗದ್ದಲವಾಗಿದೆ, ಬೇಗ ಬರ್ರಿ. ಸಿರುಗುಪ್ಪದ ಬಸ್ಸಿಗೆ ಇಬ್ಬರೂ ಹೋದೆವು. ಬಸ್ಸಿಳಿದ ಮೇಲೆ ಅವನು ನನ್ನ ಹೆಗಲು ಹಿಡಿದು ನಡೆದ. ಗಿರಣಿಯ ಅಂಗಳದಲ್ಲಿ ಟ್ರ್ಯಾಕ್ಟರುಗಳ ಸಾಲು. ಚೀಲದ ಮೇಲೆಲ್ಲ ರಾತ್ರಿಯ ಮಂಜು ಕೂತು ಗೋಣಿ ಕಪ್ಪಾಗಿತ್ತು. ತೂಕದ ಕಾಟಾದ ಕಿಟಕಿಗೆ ಬಾಯಿಟ್ಟು ಸಿರಿಗೇರಿಯ ರೈತನೊಬ್ಬ ಕೂಗುತ್ತಿದ್ದ.

"ನಿನ್ನಿ ಸಂಜಿಗೆ ಒಣಗಿದ ನೆಲ್ಲು ತಂದೀನ್ರಿ ನಾನು! ಪಾಳಿ ಇಲ್ಲ, ನಾಳಿ ಬಾ ಅಂದೋರು ನೀವು. ರಾತ್ರಿ ನಿಮ್ಮ ಅಂಗಳದಾಗ ನಿಂತೀನಿ. ಈಗ ಹಸಿ ಐತಿ ಅಂತ ತೂಕ ಮುರಿತೀರಿ. ಮಂಜಿಗೆ ಬಾ ಅಂತ ನಾ ಹೇಳಿದ್ನೇನು?"

ನನ್ನ ಹೆಗಲ ಮೇಲಿನ ಕೈ ಬಿಗಿಯಾಯಿತು.

"ತಡಿ," ಅಂದ ಸಾಹೇಬ. ಯಾರಿಗೂ ಅಲ್ಲ. ಅಲ್ಲಿ ಯಾರೂ ಏನೂ ಓದುತ್ತಿರಲಿಲ್ಲ.

ನನಗೂ ಆ ಕ್ಷಣವೇ ನೆನಪಾಯಿತು. ಬಹಳ ವರ್ಷಗಳ ಹಿಂದೆ, ಈಗಿನ ಮಾಲೀಕನ ತಂದೆ, ದೊಡ್ಡ ಸಾಹುಕಾರರು ಬದುಕಿದ್ದಾಗ, ಇದೇ ಕಾಟಾದ ಪಕ್ಕದಲ್ಲಿ ನಿಂತು ಅವರು ಹೇಳಿದ್ದರು: "ನಮ್ಮ ಗೇಟಿನೊಳಗ ಬಿದ್ದ ಮಂಜು ನಮ್ಮದು, ರೈತಂದಲ್ಲ. ಇದನ್ನ ನಿಮ್ಮ ಮಿಶನ್ನಿಗೆ ಒಂಚೂರು ತಿಳಿಸಿ ಹೇಳ್ರಿ." ಸಾಹೇಬ ಅಲ್ಲೇ ನಿಂತು ಆ ಸಾಲು ಬರೆದಿದ್ದ. ಹಿಂದಿನ ದಿನ ಗೇಟಿನಲ್ಲಿ ಚೀಟಿ ಕೊಟ್ಟ ಲೋಡಿಗೆ ಹಸಿಯ ಕಡಿತವಿಲ್ಲ. ಪಕ್ಕದಲ್ಲಿ ಕಾರಣ ಬರೆಯಲಿಲ್ಲ. ಸಂಜೆ ಬ್ರೂಸ್‌ಪೇಟೆಯಲ್ಲಿ ನನ್ನೆದುರು ಓದಿದ, ನಾನು ಕೇಳಿ ತಲೆದೂಗಿದೆ. ಮಂಜು ನಮ್ಮ ಕಿವಿಯಲ್ಲಿ ಭದ್ರವಾಗಿತ್ತು. ಮಿಶನ್ನಿಗೆ ಮಾತ್ರ ಕಾರಣವನ್ನು ಯಾರೂ ತಿಳಿಸಿ ಹೇಳಿರಲಿಲ್ಲ.

ಚಿಕ್ಕ ಸಾಹುಕಾರ ಒಳ್ಳೆಯವನು. ಕೆಟ್ಟವನಾಗಿದ್ದರೆ ಒಳ್ಳೆಯದಿತ್ತು, ಸಾಹೇಬ ಜಗಳವಾಡಿ ಬದುಕಿಕೊಳ್ಳುತ್ತಿದ್ದ. ಮುರಿದ ತೂಕವನ್ನೆಲ್ಲ ರೈತರಿಗೆ ತಿರುಗಿ ಸೇರಿಸಲು ಹೇಳಿದ. ನಮಗೆ ಕುರ್ಚಿ ಹಾಕಿಸಿದ, ಚಹ ತರಿಸಿದ.

"ಪರವಾಲೇದು ಬಿಡ್ರಿ ಸಾರ್. ನನಗಽ ಗೊತ್ತಿರಲಿಲ್ಲ ಅಪ್ಪಾಜಿ ಹಿಂಗ ಮಾಡಿಟ್ಟಾರಂತ." ಆಮೇಲೆ ನನ್ನ ಕಡೆ ಮಾತ್ರ ನೋಡಿ, ದನಿ ಇಳಿಸಿ, "ಇನ್ಮ್ಯಾಲ ನೀವಽ ಬರ್ರಿ ಸಾರ್. ಸಾಹೇಬ್ರಿಗೆ ಯಾಕ ತ್ರಾಸು? ಪಾಪ."

ಕಣ್ಣು ಹೋದವರಿಗೆ ಕಿವಿಯೂ ಮಂದವಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಬಹಳ ಜನರಿಗಿದೆ. 'ಪಾಪ' ಎಂಬ ಮಾತಿಗೆ ಸಾಹೇಬ ಚಹದ ಬಸಿಯನ್ನು ಅರ್ಧಕ್ಕೇ ಕೆಳಗಿಟ್ಟ, ಅಷ್ಟೇ.

ವಾಪಸು ಬಸ್ಸಿನಲ್ಲಿ ಕಿಟಕಿಯ ಕಡೆ ಕೂತ. ನಾನು ಗೆದ್ದಿದ್ದೆ. ಚಹದಂಗಡಿಯ ಮಹಾಸಭೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೂ ಆ ಗೆಲುವನ್ನು ಎಲ್ಲಿಡಬೇಕೆಂದು ತಿಳಿಯದೆ ಚೀಲದ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ದಾರಿಯಲ್ಲಿ ಅವನೇ ಬಾಯಿ ಬಿಟ್ಟ.

"ಹೇಳಿಬಿಡು. ಹೊಟ್ಟ್ಯಾಗ ಇಟ್ಕೋಬ್ಯಾಡ."

"ಏನಿಲ್ಲೋ. ಅದಕ್ಕ ಮಂಜು ಗೊತ್ತಿಲ್ಲ, ಅಷ್ಟಽ."

"ಅದಕ್ಕ ಹೆಂಗ ಗೊತ್ತಾಗಬೇಕು? ನಾವೇನು ಬರೆದಿಟ್ಟಿದ್ವೇನು? ನಾಳಿ ನಾವಿಬ್ರೂ ಸತ್ರ ಯಾವ ಮನಷ್ಯಾ ಬಂದು ನೋಡಿದ್ರೂ ಆ ಸಾಲು ತಗದು ಒಗೀತಿದ್ದ. ತಪ್ಪು ಅದರದಲ್ಲ. ನಮ್ಮ ಬಾಯಿದು."

"ಪಾರಾಯಣ ಮಾಡಿದ್ರ ಸಿಗ್ತಿತ್ತು."

"ಸಿಗ್ತಿತ್ತು." ಬಸ್ಸು ಒಂದು ಊರು ದಾಟಿದ ಮೇಲೆ ಅಂದ, "ನೀನು ಮದ್ಲಿನಂಗ ಓದಿದ್ರ."



ಮುಂದಿನ ಸೋಮವಾರ ಅವನು ಬರಲಿಲ್ಲ. ಮಧ್ಯಾಹ್ನ ಅವನ ಹೆಂಡತಿ ಫೋನು ಮಾಡಿದರು. "ಅಣ್ಣಾರ, ಬಸ್ ಸ್ಟ್ಯಾಂಡ್‌ತನಕ ಹೋಗಿ ತಿರುಗಿ ಬಂದ್ರು. ಏನೂ ಮಾತಾಡವಲ್ರು. ನಾಳಿಂದ ಬುತ್ತಿ ಕಟ್ಟಬ್ಯಾಡ ಅಂದ್ರು."  ಅಷ್ಟು ವರ್ಷ ದಿನಾ ಕಟ್ಟಿದ ಬುತ್ತಿ. ಅದರಲ್ಲಿ ಅರ್ಧ ನಾನೇ ತಿಂದದ್ದು.

ಸಾಧನವನ್ನೂ ಅವನು ಬಿಟ್ಟ. ಅದರ ತಪ್ಪಿಲ್ಲ ಎಂದು ನನ್ನೆದುರು ವಾದಿಸಿದವನೇ ಬಿಟ್ಟ. ಕೇಳಿದರೆ, "ಅದು ಚಲೋನ ಐತಿ. ನಾನಽ ಸಾಕಾಗೀನಿ," ಅಂದ.

ಗಿರಣಿಯ ಕೆಲಸ ನನ್ನ ಪಾಲಿಗೆ ಬಂತು. ಮಂಜಿನ ಸಾಲನ್ನು ಹೊಸ ಪ್ರೋಗ್ರಾಮಿನಲ್ಲಿ ಮತ್ತೆ ಬರೆದೆ. ಅದರ ಮೇಲೆ, ನಮ್ಮ ಕೋಣೆಯ ಇತಿಹಾಸದಲ್ಲಿ ಮೊದಲ ಸಲ, ಕನ್ನಡದಲ್ಲಿ ಕಾರಣವನ್ನೂ ಬರೆದೆ: ಗೇಟಿನೊಳಗೆ ಬಿದ್ದ ಮಂಜು ಗಿರಣಿಯದು, ರೈತನದಲ್ಲ. ಬರೆದು ಲ್ಯಾಪ್‌ಟಾಪು ಚೀಲಕ್ಕೆ ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ. ಈ ಸಲ ಮೊದಲಿನ ಹಾಗೆ ಓದಬೇಕು, ಕಂಡಕ್ಟರನ ಹಾಗೆ ಕೂಗಬೇಕು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೆ.

ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಎದುರಿಗೆ ಮೊರ, ಅದರಲ್ಲಿ ನಿಜಕ್ಕೂ ಬೆಳ್ಳುಳ್ಳಿ. ನನ್ನ ಹೆಜ್ಜೆಯ ಸಪ್ಪಳಕ್ಕೇ ಮುಖ ಎತ್ತಿದ.

"ಬರ್ರಿ ಸ್ವಾಮೇರ. ನೋಡಿದ್ರೇನು, ಹೊಸ ನೌಕರಿ."

"ಲೇ, ಬಾಯಿ ಮುಚ್ಚಿ ಕೇಳು," ಎಂದು ಕಟ್ಟೆಯ ಮೇಲೆ ಕೂತು ಓದತೊಡಗಿದೆ. ಗಟ್ಟಿಯಾಗಿ, ಉಸಿರು ಬಿಡದೆ, ಬೈಯುತ್ತ. ಓಣಿಯಲ್ಲಿ ಹೋಗುವವರು ನಿಂತು ನೋಡಿ ಹೋದರು. ಒಳಗಿಂದ ಅವನ ಹೆಂಡತಿ ಬಂದು, ಜಗಳವಲ್ಲ ಎಂದು ಖಾತ್ರಿ ಮಾಡಿಕೊಂಡು ಒಳಗೆ ಹೋದರು. ಅವನು ಮೊದಲಿನ ಹಾಗೆಯೇ ಕಣ್ಣು ಮುಚ್ಚಿ ಗೋಡೆಗೆ ಒರಗಿದ. ಮುಚ್ಚುವ ಅಗತ್ಯ ಈಗಿರಲಿಲ್ಲ, ಪದ್ಧತಿ. ಮಂಜಿನ ಸಾಲು ಬಂದಾಗ ಅವನ ತುಟಿ ನನ್ನ ಜೊತೆಗೆ ಅಲುಗಿದ್ದನ್ನು ಕಂಡೆ. ಕೊನೆಯವರೆಗೂ ಓದಿದೆ. ಅವನು ಒಮ್ಮೆಯೂ 'ತಡಿ' ಅನ್ನಲಿಲ್ಲ.

"ಚಲೋ ಐತಿ," ಅಂದ.

ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಆ ಮಾತು ಅಂದಿರಲಿಲ್ಲ. ತಪ್ಪು ಸಿಗದಿದ್ದರೆ 'ಹ್ಞೂಂ, ನಡಿ' ಅನ್ನುವುದೇ ದೊಡ್ಡ ಬಿರುದು. ನಾನು ಸಂತೋಷಪಟ್ಟವನಂತೆ ಚಹ ಕುಡಿದು ಬಂದೆ.

ಮರುದಿನ ಕೋಣೆಯಲ್ಲಿ ಒಬ್ಬನೇ ಕೂತಿದ್ದಾಗ ಏನನಿಸಿತೋ, ಅವನ ಮೇಜಿನ ಕಂಪ್ಯೂಟರಿನಲ್ಲಿ ಅವನ ಸಾಧನವನ್ನು ತೆರೆದು ನನ್ನ ಕೋಡನ್ನು ಅದರ ಮುಂದಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿತು. ಮೊದಲು ಮಂಜಿನ ನಿಯಮ ಬಹಳ ಮಾನವೀಯವಾಗಿದೆ ಎಂದು ಹೊಗಳಿತು, ಬರೆದಿಟ್ಟಿದ್ದೆನಲ್ಲ, ಓದಿಕೊಂಡಿತ್ತು. ಆಮೇಲೆ ವಿನಯದಿಂದ ತಿಳಿಸಿತು: 'ನಿನ್ನೆ' ಎಂಬುದಕ್ಕೆ ನೀವು ಇಂದಿನ ತಾರೀಖಿನಲ್ಲಿ ಒಂದು ಕಳೆದಿದ್ದೀರಿ, ತಿಂಗಳ ಕೊನೆಯ ದಿನ ಬಂದು ಒಂದನೇ ತಾರೀಖಿಗೆ ತೂಗುವ ಲೋಡಿಗೆ ಈ ವಿನಾಯಿತಿ ಸಿಗುವುದಿಲ್ಲ.

ನನ್ನ ಹಳೆಯ ಹಳ್ಳ. ಸಾಹೇಬನ ಮೊಟ್ಟಮೊದಲ 'ತಡಿ'. ಕಟ್ಟೆಯ ಮೇಲೆ ಕೂತು ಅದನ್ನೇ ಅವನ ಕಿವಿಗೆ ಕೂಗಿದ್ದೆ. ಅವನಿಗೆ ಕೇಳಿಸಲಿಲ್ಲವೋ? ಅಥವಾ ಕೇಳಿಸಿಯೂ, ಅಷ್ಟು ದೂರ ಬಸ್ಸಿಗೆ ಬಂದಾನೆ, ಖುಷಿಯಿಂದ ಹೋಗಲಿ ಎಂದು ಬಿಟ್ಟುಕೊಟ್ಟನೋ? ಮೊದಲನೆಯದಾದರೆ ಅವನ ಕಿವಿಯಿಂದ ಕೆಲಸ ಹೊರಟುಹೋಗಿದೆ. ಎರಡನೆಯದಾದರೆ, ನಾನು ಅವನಿಗೆ ಪುರಾಣದ ಹಾಗೆ ಓದಿದ ದಿನಗಳನ್ನೆಲ್ಲ ಅವನು ಒಂದೇ ಮಾತಿನಲ್ಲಿ ನನಗೆ ತಿರುಗಿ ಕೊಟ್ಟಿದ್ದಾನೆ. ಯಾವುದು ಹಗುರ ಎಂದು ಎಷ್ಟು ಹೊತ್ತು ತೂಗಿದರೂ ಮುಳ್ಳು ನಿಲ್ಲಲಿಲ್ಲ. ಸಾಲು ತಿದ್ದಿ ಗಿರಣಿಗೆ ಕಳಿಸಿದೆ.

ಸಂಜೆ, ಮೊದಲೆಲ್ಲ ಅವನು ಬಸ್ಸಿಗೆ ಹೊರಡುತ್ತಿದ್ದ ಹೊತ್ತಿಗೆ ಸರಿಯಾಗಿ, ಅವನದೇ ಫೋನು ಬಂತು.

"ಗಿರಣಿಗೆ ಹಾಕಿದ್ರೇನು ಸ್ವಾಮೇರ?"

"ಹಾಕಿದ್ನೋ."

"ಏನರ ತಪ್ಪು ಸಿಕ್ತೇನು?"

ಕೆಳಗೆ ಅಂಗಡಿಯವರು ಗೋಣಿಯ ಕಟ್ಟುಗಳನ್ನು ಒಳಗೆ ಎತ್ತಿ ಹಾಕುತ್ತಿದ್ದರು. ಎದುರಿಗೆ ಅವನ ಕುರ್ಚಿಯ ಹಿಂಬದಿಯಲ್ಲಿ ಅವನ ಟವೆಲ್ಲು ಇನ್ನೂ ಹಾಗೇ ಇತ್ತು.

"ಇಲ್ಲೋ ಸಾಹೇಬ. ಏನೂ ಸಿಗಲಿಲ್ಲ."



"ಹಂಗಾರ ಚಲೋ ಆತು," ಅಂದ.